ನಮ್ಮವನ ಮೊಣಕಾಲು

ಕಳೆದ ವಾರ ನಮ್ಮ ಕಾಲೇಜಿನ ಲೈಬ್ರರಿಯ ಬಾಗಿಲು ದೂಡಿದಾಗ ಮೊದಲು ಎದುರಾದದ್ದು ಬೇಯಿಸಿದ ಮೈದಾದ ವಾಸನೆ. ಹರಿದ ಪುಸ್ತಕಗಳಿಗೆ ಹೊಸ ರಟ್ಟು ಹಾಕಲು ಒಬ್ಬರನ್ನು ಕರೆಸಿದ್ದರು. ಆತ ಕಿಟಕಿಯ ಬಳಿ ನೆಲದ ಮೇಲೆ ಕೂತು, ಅಲ್ಯೂಮಿನಿಯಂ ಪಾತ್ರೆಯಲ್ಲಿದ್ದ ಗೋಂದನ್ನು ಬ್ರಷ್ಷಿನಿಂದ ಕಲಕುತ್ತಿದ್ದರು. ಗೋಂದು ತುಸು ನೀಲಿ ಬಣ್ಣಕ್ಕೆ ತಿರುಗಿತ್ತು. ಹುಳ ಹಿಡಿಯದಿರಲಿ ಎಂದು ಅದಕ್ಕೆ ಚಿಟಿಕೆ ಮೈಲುತುತ್ತು ಹಾಕುತ್ತಾರೆ. ಇಂಗ್ಲಿಷ್ ಪಾಠ ಮಾಡುವ ನನಗೆ ಇದೆಲ್ಲ ಹೇಗೆ ಗೊತ್ತು ಎಂದರೆ, ಮಂಗಳೂರಿನ ಬಿಕರ್ನಕಟ್ಟೆಯ ಒಂದು ಮನೆಯ ಮಹಡಿಯಲ್ಲಿ ನಾನು ಕೆಲವು ವರ್ಷ ಬಾಡಿಗೆಗೆ ಇದ್ದೆ. ಅಷ್ಟೂ ವರ್ಷ ಕೆಳಗಿನ ಜಗಲಿಯಿಂದ ಇದೇ ವಾಸನೆ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬರುತ್ತಿತ್ತು...

ಆ ಮನೆಯ ಯಜಮಾನರು ನಗರದ ಒಂದು ಹಳೆಯ ಪ್ರೆಸ್ಸಿನಲ್ಲಿ ಬೈಂಡರ್ ಆಗಿದ್ದವರು. ನಾನು ಹೋಗುವ ಹೊತ್ತಿಗೆ ನಿವೃತ್ತರಾಗಿ, ಜಗಲಿಯ ಮೂಲೆಯಲ್ಲಿ ಚರ್ಚಿನ ಹಾಡಿನ ಪುಸ್ತಕ, ಮಕ್ಕಳ ಅಟ್ಲಾಸು, ಯಾರದೋ ಅಜ್ಜಿಯ ಬೈಬಲ್ಲು ಇಂಥದ್ದನ್ನೆಲ್ಲ ರಿಪೇರಿ ಮಾಡಿಕೊಂಡಿದ್ದರು. ನಮ್ಮೂರು ಕಾಟಿಪಳ್ಳದಿಂದ ನನ್ನ ಸಾಮಾನು ತಂದುಬಿಟ್ಟ ಅಪ್ಪ ಮೊದಲ ದಿನವೇ ಅವರನ್ನು ‘ಪೊರ್ಬುಗಳೇ’ ಎಂದು ಮಾತಾಡಿಸಿದರು. ಕ್ರಿಶ್ಚಿಯನ್ ಗಂಡಸರನ್ನು ನಮ್ಮ ತುಳುವರು ಮರ್ಯಾದೆಯಿಂದ ಕರೆಯುವುದು ಹಾಗೆ. ಎಲ್ಲರೂ ಅಂಕಲ್ ಎನ್ನುವ ಕಾಲದಲ್ಲಿ ನಾನೂ ಅಪ್ಪನ ಮಾತನ್ನೇ ಹಿಡಿದುಕೊಂಡೆ. ಅವರ ಹೆಂಡತಿ ನನಗೆ ಬಾಯಮ್ಮ ಆದರು, ಅವರಿಬ್ಬರಿಗೆ ನಾನು ಟೀಚರ್ ಆದೆ. ನನ್ನೊಡನೆ ಅವರು ತುಳುವಿನಲ್ಲೇ ಮಾತಾಡಬಹುದಿತ್ತು. ಆದರೆ ಕಾಲೇಜಿನವರ ಹತ್ತಿರ ಕನ್ನಡವೇ ಆಗಬೇಕೆಂಬುದು ಪೊರ್ಬುಗಳ ಹಟ.

ಜೀವನವಿಡೀ ಪುಸ್ತಕಗಳ ನಡುವೆ ಇದ್ದರೂ ಅವರು ಪುಸ್ತಕ ಓದುತ್ತಿರಲಿಲ್ಲ, ಎಣಿಸುತ್ತಿದ್ದರು. ದೊಡ್ಡ ಹಾಳೆಯೊಂದನ್ನು ಮಡಚಿದರೆ ಹದಿನಾರು ಪುಟ ಆಗುತ್ತದೆ, ಅದಕ್ಕೆ ಒಂದು ಫಾರಂ ಎಂದು ಹೆಸರು. ಫಾರಂಗಳನ್ನು ಸಾಲಾಗಿ ಜೋಡಿಸಿ, ಎಣಿಸಿ, ಬೆನ್ನಿಗೆ ನೂಲು ಹೊಲಿದರೆ ಪುಸ್ತಕ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡು ಕಿರುಪುಸ್ತಕಗಳು ಒಟ್ಟಿಗೆ ಅಚ್ಚಾಗಿ ಬಂದಿದ್ದವಂತೆ. ಒಂದು ಮದುವೆಯ ಪ್ರಾರ್ಥನೆಯದು, ಇನ್ನೊಂದು ಮರಣದ ಪ್ರಾರ್ಥನೆಯದು. ಎರಡೂ ಒಂದೇ ಅಳತೆ, ಒಂದೇ ಅಕ್ಷರ. ಇವರು ಮರಣದ ಒಂದು ಫಾರಂ ಅನ್ನು ಮದುವೆಯ ಪುಸ್ತಕದೊಳಗೆ ಹೊಲಿದುಬಿಟ್ಟರು. ವರ ವಧುವಿನ ಕೈ ಹಿಡಿಯುವ ಹೊತ್ತಿಗೆ ಗಾಯಕರು ಪುಟ ತಿರುಗಿಸಿ, ಮಣ್ಣಿಗೆ ಮಣ್ಣು ಸೇರುವ ಹಾಡಿಗೆ ಬಾಯಿ ತೆರೆದರಂತೆ... ಪ್ರೆಸ್ಸಿನ ಮಾಲೀಕರು ಬೈಯಲಿಲ್ಲ. ಅಷ್ಟೂ ಪ್ರತಿಗಳನ್ನು ಇವರ ಕೈಯಿಂದಲೇ ಬಿಚ್ಚಿಸಿ, ಇವರ ಕೈಯಿಂದಲೇ ಮತ್ತೆ ಹೊಲಿಸಿದರು. ಅಂದಿನಿಂದ ಪೊರ್ಬುಗಳಿಗೆ ಎರಡು ನಿಯಮ: ಬೇರೆ ಪುಸ್ತಕದ ಫಾರಂ ಒಳಗೆ ಬರಬಾರದು, ಕೊನೆಯ ಫಾರಂ ಕೈಗೆ ಬಾರದೆ ಸೂಜಿ ಮುಟ್ಟಬಾರದು.

ಇಂಥ ಮನುಷ್ಯರಿಗೆ ಒಂದು ಹುಚ್ಚಿತ್ತು. ಬ್ರೆಜಿಲಿನಲ್ಲಿ ಹುಟ್ಟಿ ಯುರೋಪಿನಲ್ಲಿ ಫುಟ್‌ಬಾಲ್ ಆಡುವ ಒಬ್ಬ ಹುಡುಗನ ಸುದ್ದಿಯನ್ನು ಅವರು ಪೇಪರಿನಿಂದ ಕತ್ತರಿಸಿ, ಮೈದಾ ಗೋಂದಿನಿಂದ ಹಾಳೆಗೆ ಅಂಟಿಸಿ, ಫಾರಂ ಫಾರಂ ಆಗಿ ಜೋಡಿಸಿಡುತ್ತಿದ್ದರು. ಕಾರಣ ಇಷ್ಟೇ. ಪೋರ್ಚುಗಲ್ಲಿನ ಯಾವುದೋ ಕ್ಲಬ್ಬಿಗೆ ಹತ್ತೊಂಬತ್ತರ ಹುಡುಗನೊಬ್ಬ ಬಂದಿದ್ದಾನೆ ಎಂದು ಒಂದು ದಿನ ಕ್ರೀಡಾಪುಟದ ತಳದಲ್ಲಿ ನಾಲ್ಕು ಸಾಲು ಬಂತು. ಅವನ ಮನೆತನದ ಹೆಸರೂ ಪೊರ್ಬುಗಳ ಗೇಟಿನ ಮೇಲಿದ್ದ ಹೆಸರೂ ಒಂದೇ. ಎಂದೋ ಪೋರ್ಚುಗೀಸ್ ಹಡಗಿನ ಪಾದ್ರಿಗಳು ಇಲ್ಲಿಯೂ ಅಲ್ಲಿಯೂ ಜ್ಞಾನಸ್ನಾನ ಕೊಟ್ಟು ಹಂಚಿಹೋದ ಹೆಸರು. ರಕ್ತ ಸಂಬಂಧವಲ್ಲ ಎಂಬುದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಅಂದಿನಿಂದ ಅವನು ‘ನಮ್ಮವ’ ಆದ. ಬಾಯಮ್ಮ ಮಾತ್ರ ಮೀನು ಹೆಚ್ಚುತ್ತಾ, ಆ ಹೆಸರಿನವರು ಇದೇ ಬಿಕರ್ನಕಟ್ಟೆಯಲ್ಲಿ ಹದಿನೈದು ಮನೆ ಇದ್ದಾರೆ, ಅದರಲ್ಲಿ ಎಂಟು ಮನೆಯವರ ಜೊತೆ ಇವರಿಗೆ ಮಾತಿಲ್ಲ, ಈಗ ಬ್ರೆಜಿಲಿನ ನೆಂಟಸ್ತಿಕೆ ಎಂದು ನನಗೆ ಕೇಳುವಂತೆ ಗೊಣಗುತ್ತಿದ್ದರು.

ಪೊರ್ಬುಗಳಿಗೆ ಆಟ ನೋಡುವ ಚಟ ಇರಲಿಲ್ಲ. ಯುರೋಪಿನ ಆಟ ಶುರುವಾಗುವ ಹೊತ್ತಿಗೆ ಅವರದು ಒಂದು ನಿದ್ದೆ ಆಗಿರುತ್ತಿತ್ತು. ಇಂಗ್ಲಿಷ್ ಪೇಪರಿನಲ್ಲಿ ಆ ಒಂದು ಹೆಸರನ್ನು ಗುರುತಿಸಿ ಕತ್ತರಿ ಹಾಕುವುದು, ಸಂಜೆ ನಾನು ಬಂದ ಮೇಲೆ ಓದಿಸಿಕೊಳ್ಳುವುದು. ‘ಎಂತ ಉಂಟು ಟೀಚರೇ ನಮ್ಮವನ ಸುದ್ದಿ?’ ಎಂಬ ಪ್ರಶ್ನೆಗೆ ಉತ್ತರ ಕೊಡದೆ ಮಹಡಿ ಹತ್ತುವ ಹಾಗಿರಲಿಲ್ಲ. ಫುಟ್‌ಬಾಲಿನ ಗಂಧ ಇಲ್ಲದ ನಾನು ಹೀಗೆ ಮಿಡ್‌ಫೀಲ್ಡರ್ ಎಂದರೇನೆಂದು ಕಲಿತೆ. ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ಕೊಡುವ ಕೆಲಸ ಅವನದು. ಗೋಲು ಹೊಡೆದವನ ಹೆಸರು ಪೇಪರಿನಲ್ಲಿ ಬರುತ್ತದೆ, ತಡೆದವನದೂ ಬರುತ್ತದೆ. ಮಧ್ಯದವನ ಹೆಸರು ಬರಬೇಕಾದರೆ ಅವನು ಕ್ಲಬ್ ಬದಲಿಸಬೇಕು ಅಥವಾ ಅವನಿಗೆ ಪೆಟ್ಟಾಗಬೇಕು. ಇದನ್ನು ಹೇಳಿದಾಗ ಪೊರ್ಬುಗಳಿಗೆ ಬೇಸರವೇನೂ ಆಗಲಿಲ್ಲ. ಪುಸ್ತಕದ ನೂಲೂ ಹಾಗೆಯೇ, ಕಂಡರೆ ಬೈಂಡಿಂಗ್ ಕೆಟ್ಟಿದೆ ಎಂದರ್ಥ ಎಂದರು.

ಎರಡನೆಯ ವರ್ಷ ಅವನನ್ನು ಇನ್ನೊಂದು ಸಣ್ಣ ಕ್ಲಬ್ಬಿಗೆ ಲೋನ್ ಮೇಲೆ ಕಳಿಸಿದರು ಎಂದು ಬಂತು. ಮನುಷ್ಯನನ್ನು ಎರವಲು ಕೊಡುವುದೆಂದರೆ ಏನು ಎಂದು ಪೊರ್ಬುಗಳು ಕೇಳಿದರು. ನನ್ನ ಹಾಗೆ ಎಂದೆ. ನಾನಾಗ ಅತಿಥಿ ಉಪನ್ಯಾಸಕಿ, ಹತ್ತು ತಿಂಗಳ ಆರ್ಡರ್, ಪ್ರತಿ ಜೂನ್‌ನಲ್ಲಿ ಯಾವ ಕಾಲೇಜು ಎಂಬುದು ದೇವರಿಗೇ ಗೊತ್ತು. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಬಾಯಮ್ಮನಿಗೆ ಕೂಗಿ ಟೀಚರಿಗೆ ಚಾ ಕೊಡಲು ಹೇಳಿದರು. ಎರವಲಿನ ಜನ ಎಂದು ಆಮೇಲೆ ನನ್ನನ್ನೂ ನಮ್ಮವನನ್ನೂ ಒಟ್ಟಿಗೆ ತಮಾಷೆ ಮಾಡುತ್ತಿದ್ದರು.

ಅದೇ ವರ್ಷ ಆ ಕೆಟ್ಟ ಸುದ್ದಿ ಬಂತು. ಎರಡೇ ಸಾಲು. ಎದುರಾಳಿಗೆ ಡಿಕ್ಕಿ ಹೊಡೆದು ಮೊಣಕಾಲು ತಿರುಚಿದೆ, ಶಸ್ತ್ರಕ್ರಿಯೆ ಆಗಬೇಕು, ಮತ್ತೆ ಆಡುವುದು ಸಂಶಯ. ಓದಿದ ನಾನು ತಲೆ ಎತ್ತಿದರೆ ಪೊರ್ಬುಗಳ ಕೈಯ ಬ್ರಷ್ಷು ನಿಂತಿತ್ತು. ಬಾಲಯೇಸುವಿನ ಪುಣ್ಯಕ್ಷೇತ್ರ ಅವರ ಮನೆಗೆ ನಡೆದು ಹೋಗುವಷ್ಟು ಹತ್ತಿರ. ಪ್ರತಿ ಗುರುವಾರ ಅವರು ಅಲ್ಲಿ ನೊವೆನಾ ಪ್ರಾರ್ಥನೆಗೆ ಹೋಗುತ್ತಿದ್ದರು. ಬೇಡಿಕೆಯನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುವ ರೂಢಿ ಅಲ್ಲಿಯದು. ಆ ವಾರದಿಂದ ಅವರ ಚೀಟಿಯಲ್ಲಿ ಬರೆಯುತ್ತಿದ್ದದ್ದು ಒಂದೇ, ನಮ್ಮವನ ಮೊಣಕಾಲು. ಬಾಯಮ್ಮ ಕೂಡ ಆಗ ತಮಾಷೆ ಮಾಡಲಿಲ್ಲ. ಮಳೆಗಾಲ ಕಳೆಯಿತು, ಕ್ರಿಸ್ಮಸ್ ಬಂತು. ಪೇಪರಿನಲ್ಲಿ ಆ ಹೆಸರು ಕಾಣಿಸಲಿಲ್ಲ. ಅವರು ದಿನಾ ಕನ್ನಡಕ ಹಾಕಿ ಹುಡುಕುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು...

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವರು ಮೆಟ್ಟಿಲ ಕೆಳಗಿನಿಂದಲೇ ನನ್ನನ್ನು ಕರೆದರು. ಹೆಸರು ಬಂದಿತ್ತು. ಈ ಸಲ ಜರ್ಮನಿಯ ಕ್ಲಬ್, ಬ್ರೆಜಿಲಿನ ಮಿಡ್‌ಫೀಲ್ಡರ್, ತೊಂಬತ್ತು ನಿಮಿಷ ಆಡಿದ್ದಾನೆ, ಗೋಲಿಗೆ ದಾರಿ ಮಾಡಿಕೊಟ್ಟಿದ್ದಾನೆ. ಅಂದು ಗುರುವಾರವೂ ಆಗಿತ್ತು. ಪೊರ್ಬುಗಳು ತಮ್ಮ ಮೊಣಕಾಲಿನಷ್ಟು ಎತ್ತರದ ಮೇಣದಬತ್ತಿ ತೆಗೆದುಕೊಂಡು ಹೋಗಿ ಹರಕೆ ತೀರಿಸಿ ಬಂದರು. ಆಮೇಲಿನ ಎರಡು ವರ್ಷ ಹಬ್ಬವೇ. ಜರ್ಮನಿಯಿಂದ ಇಟಲಿ, ದೊಡ್ಡ ಕ್ಲಬ್, ಒಮ್ಮೊಮ್ಮೆ ಚಿತ್ರವೂ ಬರುತ್ತಿತ್ತು. ಪುಸ್ತಕ ದಪ್ಪವಾಯಿತು. ತನ್ನ ದೇಶದ ಹಳದಿ ಅಂಗಿ ಹಾಕಿ ಅವನು ಆಡಿದ ದಿನದ ಸುದ್ದಿಯೇ ಕೊನೆಯ ಫಾರಂ, ಅಂದು ಹೊಲಿಗೆ ಎಂದು ಪೊರ್ಬುಗಳು ನಿಶ್ಚಯ ಮಾಡಿದರು. ಅವರಿಗೆ ಆ ಪುಸ್ತಕ ಮುಗಿಸುವ ಆಸೆ ಎಷ್ಟಿತ್ತೆಂದರೆ, ಬೆನ್ನಿಗೆ ಹಾಕುವ ಕೆಂಪು ಬಟ್ಟೆಯನ್ನು ಆಗಲೇ ಕತ್ತರಿಸಿ ಇಟ್ಟಿದ್ದರು.

ಒಂದು ಭಾನುವಾರದ ಪುರವಣಿಯಲ್ಲಿ ಅವನ ಪೂರ್ತಿ ಕತೆ ಬಂತು. ಓದುತ್ತಾ ಹೋದ ನನ್ನ ನಾಲಿಗೆ ನಡುವೆ ನಿಂತಿತು. ಇವನು ಎಡಗಾಲಿನ ಆಟಗಾರ, ನಮ್ಮವ ಬಲಗಾಲಿನವ. ಹುಟ್ಟಿದ್ದು ಸಮುದ್ರದಿಂದ ದೂರದ ಊರಲ್ಲಿ, ನಮ್ಮವನದು ಕಡಲತೀರ. ಬ್ರೆಜಿಲಿನಿಂದ ನೇರ ಜರ್ಮನಿಗೆ ಬಂದವನು, ಪೋರ್ಚುಗಲ್ಲಿನಲ್ಲಿ ಒಂದು ದಿನವೂ ಆಡಿಲ್ಲ. ನಾನು ಆ ಸಾಲುಗಳನ್ನು ಹಾರಿಸಿ ಓದಿದೆ. ಮಹಡಿಗೆ ಹೋಗಿ ಫೋನಿನಲ್ಲಿ ನೋಡಿದರೆ ಸಂಶಯಕ್ಕೆ ಎಡೆಯೇ ಇರಲಿಲ್ಲ. ಒಂದೇ ಹೆಸರಿನ, ಒಂದೇ ಸ್ಥಾನದಲ್ಲಿ ಆಡುವ ಇಬ್ಬರು. ಪೊರ್ಬುಗಳು ಒಬ್ಬನಿಗಾಗಿ ಪ್ರಾರ್ಥನೆ ಮಾಡಿ, ಇನ್ನೊಬ್ಬನಿಗಾಗಿ ಮೇಣದಬತ್ತಿ ಹಚ್ಚಿದ್ದರು. ಹದಿನೈದು ಮನೆಗೆ ಒಂದೇ ಹೆಸರಿರುವ ಬೀದಿಯಲ್ಲಿ ಬದುಕಿ ಅವರಿಗೂ ಹೊಳೆಯಲಿಲ್ಲ, ಓದಿ ಹೇಳುವ ನನಗೂ ಹೊಳೆಯಲಿಲ್ಲ. ಪೇಪರಿನಲ್ಲಿ ಆ ಹೆಸರು ಕಂಡರೆ ಅವರಿಗೆ ಅದು ನಮ್ಮವನೇ, ಬೇರೆ ಯಾರೂ ಇರಲಾರರು.

ಹೇಳಬೇಕಿತ್ತು, ಹೇಳಲಿಲ್ಲ. ಆ ವಯಸ್ಸಿನಲ್ಲಿ ಅವರ ಖುಷಿ ಯಾಕೆ ಕೆಡಿಸಬೇಕು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಸುಮಾರು ಎರಡು ತಿಂಗಳು ದಿನಾ ಸಂಜೆ ಇಟಲಿಯವನ ಸುದ್ದಿಯನ್ನು ನಮ್ಮವನದು ಎಂದು ಓದಿದೆ. ಪಾಠ ಮಾಡುವವಳು ನಾನು, ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ನನಗೆ ಗೊತ್ತಿರಲಿಲ್ಲ. ಆಗ ಇಟಲಿಯವನಿಗೆ ಹಳದಿ ಅಂಗಿ ಸಿಕ್ಕಿತು. ಹತ್ತು ನಿಮಿಷ ಆಡಿದ ಅಷ್ಟೇ, ಆದರೆ ಆಡಿದ. ಮರುದಿನ ನಾನು ಕಾಲೇಜಿನಿಂದ ಬಂದಾಗ ಪೊರ್ಬುಗಳು ಹೊಸ ಅಂಗಿ ಹಾಕಿ ಜಗಲಿಯಲ್ಲಿ ಕೂತಿದ್ದರು. ಫಾರಂಗಳನ್ನು ಮೂರು ಸಲ ಎಣಿಸಿ, ನೂಲಿಗೆ ಮೇಣ ತಿಕ್ಕಿ, ಮೊದಲ ಹೊಲಿಗೆಯನ್ನು ಟೀಚರೇ ಹಾಕಬೇಕು ಎಂದು ಸೂಜಿಯನ್ನು ನನ್ನ ಕಡೆ ಚಾಚಿದರು.

ಸೂಜಿ ಹಿಡಿದುಕೊಂಡೆ. ಮದುವೆಯ ಪುಸ್ತಕದೊಳಗಿನ ಮರಣದ ಪ್ರಾರ್ಥನೆ ನೆನಪಾಯಿತು. ‘ಪೊರ್ಬುಗಳೇ, ಇದರಲ್ಲಿ ಬೇರೆ ಪುಸ್ತಕದ ಫಾರಂ ಉಂಟು’ ಎಂದೆ.

ಎಲ್ಲವನ್ನೂ ಹೇಳಿದೆ. ಎರಡು ತಿಂಗಳು ಮುಚ್ಚಿಟ್ಟದ್ದನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹಾಳೆ ತಿರುಗಿಸಿ, ಜರ್ಮನಿ ಶುರುವಾಗುವಲ್ಲಿ ಬೆರಳಿಟ್ಟರು. ಒಳಗಿನಿಂದ ಬಾಯಮ್ಮ ಬಂದು ಬಾಗಿಲಲ್ಲಿ ನಿಂತರು.

‘ಹಾಗಾದರೆ ನಮ್ಮವನ ಮೊಣಕಾಲು ಎಂತ ಆಯಿತು?’ ಎಂದು ಪೊರ್ಬುಗಳು ಕೇಳಿದರು.

ನನಗೆ ಗೊತ್ತಿರಲಿಲ್ಲ. ಇಂದಿಗೂ ನೆನೆದರೆ ನಾಚಿಕೆಯಾಗುವುದು ಈ ಮಾತಿಗೆ. ಅವರ ಮನಸ್ಸು ನೋಯಬಾರದೆಂದು ಇಷ್ಟು ದಿನ ನಾಟಕ ಆಡಿದೆ, ಅವರು ಕೇಳಬಹುದಾದ ಒಂದೇ ಪ್ರಶ್ನೆಗೆ ಉತ್ತರ ಹುಡುಕಿಟ್ಟಿರಲಿಲ್ಲ. ಏನಾಗಿದೆಯೋ ಎಂಬ ಹೆದರಿಕೆಯಿಂದ ಅದನ್ನು ಮಾತ್ರ ನೋಡದೆ ಬಿಟ್ಟಿದ್ದೆ. ಅಲ್ಲೇ ಜಗಲಿಯ ಮೆಟ್ಟಿಲಲ್ಲಿ ಕೂತು ಫೋನ್ ತೆಗೆದೆ. ಇಬ್ಬರೂ ಎರಡು ಬದಿಯಿಂದ ಬಗ್ಗಿದರು. ನೆಟ್ ಒಮ್ಮೆ ಬರುತ್ತಿತ್ತು, ಒಮ್ಮೆ ಹೋಗುತ್ತಿತ್ತು. ಎರಡು ಶಸ್ತ್ರಕ್ರಿಯೆ, ಕ್ಲಬ್ಬಿನವರು ಕೈಬಿಟ್ಟದ್ದು, ಒಂದು ವರ್ಷ ಎಲ್ಲಿಯೂ ಹೆಸರಿಲ್ಲ... ಕೊನೆಗೆ ಸಮುದ್ರದ ನಡುವಿನ ಒಂದು ಪೋರ್ಚುಗೀಸ್ ದ್ವೀಪದ ಪುಟ್ಟ ಕ್ಲಬ್ಬಿನ ಪುಟ ತೆರೆಯಿತು. ಮೂರನೆಯ ದರ್ಜೆಯ ಲೀಗ್. ಹಿಂದಿನ ಭಾನುವಾರ ಆಡಿದ ಹನ್ನೊಂದು ಜನರ ಪಟ್ಟಿಯಲ್ಲಿ ಎಂಟನೆಯ ಹೆಸರು ನಮ್ಮವನದು.

‘ಆಡ್ತಾ ಇದ್ದಾನೆ ಪೊರ್ಬುಗಳೇ. ಮೊಣಕಾಲು ಸರಿ ಉಂಟು’ ಎಂದೆ.

ಬಾಯಮ್ಮ ಶಿಲುಬೆಯ ಗುರುತು ಮಾಡಿಕೊಂಡರು. ಆಮೇಲೆ ಅವರಿಗೆ ಸುಮ್ಮನಿರಲು ಆಗಲಿಲ್ಲ. ಹಾಗಾದರೆ ಆ ಮೇಣದಬತ್ತಿ ಸುಮ್ಮನೆ ಉರಿದು ಹೋಯಿತಲ್ಲ, ಹೋಗಿ ವಾಪಸು ಕೇಳಿ ಎಂದು ಗಂಡನನ್ನು ಕೆಣಕಿದರು. ಪೊರ್ಬುಗಳು ಕನ್ನಡಕ ತೆಗೆದು ಒರೆಸಿದರು. ‘ಯಾಕೆ ಸುಮ್ಮನೆ? ನಾನು ಕೇಳಿದ್ದು ಇವನ ಮೊಣಕಾಲಿಗೆ, ಕೊಟ್ಟದ್ದೂ ಇವನಿಗೇ. ನಾನು ನೋಡಿದ್ದು ಬೇರೆಯವನ ಕಾಲು, ಅಷ್ಟೇ.’

ಮರುದಿನವೇ ಬಿಚ್ಚುವ ಕೆಲಸ ಶುರುವಾಯಿತು. ಅಂಟಿಸಿದ ತುಂಡಿನ ಮೇಲೆ ಒದ್ದೆ ಬಟ್ಟೆ ಹಾಸಿ, ಗೋಂದು ಮೆತ್ತಗಾಗುವವರೆಗೆ ಕಾದು, ಮೊಂಡು ಚೂರಿಯಿಂದ ಎಬ್ಬಿಸಬೇಕು. ಅವಸರ ಮಾಡಿದರೆ ಪೇಪರು ಹರಿಯುತ್ತದೆ. ಯೌವನದಲ್ಲಿ ಮಾಲೀಕರು ಕೊಟ್ಟಿದ್ದ ಶಿಕ್ಷೆಯನ್ನು ಈಗ ತಾವೇ ಹಾಕಿಕೊಂಡವರಂತೆ ಅವರು ಹದಿನೈದು ದಿನ ಅದನ್ನೇ ಮಾಡಿದರು. ಇಟಲಿಯವನದು ದಪ್ಪ ಪುಸ್ತಕವಾಗಿ ಹೊಲಿದು ತಯಾರಾಯಿತು, ಅದರ ಬೆನ್ನಿಗೆ ಹಾಕಿದ್ದು ಬೇರೆ ಬಟ್ಟೆ. ಅದನ್ನು ಮಾತಿಲ್ಲದ ಎಂಟು ಮನೆಗಳಲ್ಲಿ ಒಂದು ಮನೆಗೆ, ಫುಟ್‌ಬಾಲಿನ ಹುಚ್ಚಿದ್ದ ಮನೆಗೆ, ತಾವೇ ಕೊಂಡುಹೋಗಿ ಕೊಟ್ಟು, ಇವನು ನಿಮ್ಮ ಕಡೆಯವನು ಎಂದು ಹೇಳಿ ಬಂದರು. ಮಾತು ಶುರುವಾದದ್ದೂ ಆ ದಿನವೇ.

ನಮ್ಮವನ ಪಾಲಿಗೆ ಉಳಿದದ್ದು ಎರಡೇ ತೆಳು ಫಾರಂ. ಮೂರನೆಯ ದರ್ಜೆಯ ಆಟವನ್ನು ಮಂಗಳೂರಿನ ಯಾವ ಪೇಪರೂ ಬರೆಯುವುದಿಲ್ಲ. ಹಾಗಾಗಿ ಸೋಮವಾರ ಸಂಜೆ ನಾನೇ ಆ ದ್ವೀಪದ ಕ್ಲಬ್ಬಿನ ಪುಟವನ್ನು ತೆರೆದು, ಫೋನು ಮಾಡಿಕೊಡುವ ವಕ್ರ ಅನುವಾದವನ್ನು ನೆಟ್ಟಗೆ ಮಾಡಿ, ಅವರು ಕತ್ತರಿಸಿಟ್ಟ ಹಾಳೆಯಲ್ಲಿ ಕನ್ನಡದಲ್ಲಿ ಮೂರು ಸಾಲು ಬರೆಯುತ್ತಿದ್ದೆ. ಗೆದ್ದರೋ ಸೋತರೋ, ನಮ್ಮವ ಎಷ್ಟು ನಿಮಿಷ ಆಡಿದ, ಮತ್ತು ಕೊನೆಯ ಸಾಲಿನಲ್ಲಿ ಮೊಣಕಾಲು. ಪೊರ್ಬುಗಳು ಮೊದಲು ಕೇಳುತ್ತಿದ್ದದ್ದು ಆ ಕೊನೆಯ ಸಾಲನ್ನೇ. ಹಳದಿ ಅಂಗಿಯ ಮಾತು ಮತ್ತೆ ಬರಲಿಲ್ಲ. ಇವನಿಗೆ ಅದು ಸಿಗಲಿಕ್ಕಿಲ್ಲ, ಆಡುವುದು ಸಾಕು ಎಂದು ಇವನೇ ಬಿಟ್ಟ ದಿನ ಹೊಲಿಯುವ ಎಂದು ಅವರು ನಿಯಮ ಬದಲಿಸಿದರು. ಗುರುವಾರದ ಚೀಟಿಯಲ್ಲಿ ನನ್ನ ಕೆಲಸದ ವಿಷಯವೂ ಸೇರಿದೆ ಎಂದು ಬಾಯಮ್ಮ ಒಮ್ಮೆ ಬಾಯಿ ಬಿಟ್ಟರು.

ನನಗೆ ಕೆಲಸ ಕಾಯಂ ಆಯಿತು. ಕಾಲೇಜು ದೂರವಾದ್ದರಿಂದ ಮನೆ ಬಿಡಬೇಕಾಯಿತು. ಹೊರಡುವ ದಿನ ಪೊರ್ಬುಗಳು ಬಿಡಿ ಫಾರಂಗಳ ಕಟ್ಟು, ಖಾಲಿ ಹಾಳೆ, ಕೆಂಪು ಬಟ್ಟೆ, ಸೂಜಿ, ಮೇಣ ತಿಕ್ಕಿದ ನೂಲು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಕೊಟ್ಟರು. ಎರವಲಿನವರಲ್ಲಿ ಒಬ್ಬರಿಗೆ ಕಾಯಂ ಆಯಿತಲ್ಲ ಎಂದು ನಕ್ಕರು. ನಾನು ಸೋಮವಾರ ಫೋನ್ ಮಾಡಿ ಮೂರು ಸಾಲು ಓದುತ್ತಿದ್ದೆ. ಒಂದು ಸೋಮವಾರ ಫೋನ್ ಎತ್ತಿದ್ದು ಬಾಯಮ್ಮ... ಪೊರ್ಬುಗಳಿಗೆ ಎದೆನೋವು ಬಂದು ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಅಂದಿನ ಮೂರು ಸಾಲನ್ನು ನಾನು ಓದಲಿಲ್ಲ.

ಇದಾಗಿ ಎಂಟು ವರ್ಷ. ಎಷ್ಟೋ ಸೋಮವಾರ ಮರೆತೆ, ಎಷ್ಟೋ ಸಲ ಎರಡು ಮೂರು ವಾರದ್ದನ್ನು ಒಟ್ಟಿಗೆ ಬರೆದೆ. ಆದರೆ ಕಟ್ಟು ಬೆಳೆಯುತ್ತಲೇ ಹೋಯಿತು. ನಮ್ಮವ ಆ ದ್ವೀಪ ಬಿಡಲಿಲ್ಲ. ಕ್ಲಬ್ ಒಂದು ಸಲ ಮೇಲಿನ ದರ್ಜೆಗೆ ಏರಿತು, ಮರುವರ್ಷ ಇಳಿಯಿತು. ಅವನು ನಾಯಕನಾದ, ತಲೆಯ ಕೂದಲು ಉದುರಿತು. ಮೊನ್ನೆ ಮೇ ತಿಂಗಳಲ್ಲಿ ಕ್ಲಬ್ಬಿನ ಪುಟ ತೆರೆದರೆ, ಚಿಕ್ಕ ಮಗಳನ್ನು ಎತ್ತಿಕೊಂಡು ಅವನು ಮೈದಾನದ ನಡುವೆ ನಿಂತ ಚಿತ್ರ ಇತ್ತು. ಕೊನೆಯ ಆಟ. ಮುಂದಿನ ವರ್ಷದಿಂದ ಅಲ್ಲಿನ ಮಕ್ಕಳಿಗೆ ಆಟ ಕಲಿಸುತ್ತಾನಂತೆ. ಚಿತ್ರವನ್ನು ನೋಡಿ ಫೋನ್ ಮುಚ್ಚಿದೆ. ಕೊನೆಯ ಫಾರಂ ಬಂದಿತ್ತು, ಸೂಜಿ ಹಿಡಿಯುವ ಧೈರ್ಯ ಬರಲಿಲ್ಲ. ಹೊಲಿದರೆ ಪೊರ್ಬುಗಳ ಲೆಕ್ಕವೂ ಮುಗಿದ ಹಾಗೆ ಎಂದು ಸುಮ್ಮನೆ ದಿನ ದೂಡಿದೆ.

ಲೈಬ್ರರಿಯಲ್ಲಿ ಆ ಗೋಂದಿನ ವಾಸನೆ ಮೂಗಿಗೆ ಬಡಿದ ದಿನ ಸಂಜೆ ಕಟ್ಟು ಬಿಚ್ಚಿದೆ. ಮೂರು ಸಲ ಎಣಿಸಿದೆ. ಮರುದಿನ ಆ ಬೈಂಡರ್ ಪಕ್ಕದಲ್ಲಿ ಕೂತು ದಾರಿ ಹೇಳಿದರು, ಹೊಲಿದದ್ದು ನಾನೇ. ಎರಡು ಸಲ ಬೆರಳು ಚುಚ್ಚಿಕೊಂಡೆ. ಕೆಂಪು ಬಟ್ಟೆ ಸ್ವಲ್ಪ ಬಣ್ಣ ಕಳೆದುಕೊಂಡಿತ್ತು, ಅಳತೆ ಮಾತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಪುಸ್ತಕ ಎಷ್ಟು ದಪ್ಪವಾಗುತ್ತದೆ ಎಂದು ಅಷ್ಟು ಮೊದಲೇ ಅವರು ಹೇಗೆ ಅಂದಾಜು ಮಾಡಿದ್ದರೋ ನನಗೆ ಗೊತ್ತಿಲ್ಲ. ಅಥವಾ ಅವರು ನಮ್ಮವನ ಮೇಲೆ ಅಷ್ಟು ನಂಬಿಕೆ ಇಟ್ಟಿದ್ದರು...

ಬಾಯಮ್ಮ ಈಗ ದೇರೆಬೈಲಿನಲ್ಲಿ ಮಗಳ ಮನೆಯಲ್ಲಿದ್ದಾರೆ. ನಿನ್ನೆ ಹೋಗಿದ್ದೆ. ಮೊಮ್ಮಕ್ಕಳ ಗಲಾಟೆ, ಒಲೆಯ ಮೇಲೆ ಮೀನು, ಬಾಯಮ್ಮನ ಗೊಣಗಾಟ ಯಾವುದೂ ಕಡಿಮೆಯಾಗಿಲ್ಲ. ಕಣ್ಣು ಮಾತ್ರ ಮಂಜಾಗಿದೆ, ಅಕ್ಷರ ಕಾಣುವುದಿಲ್ಲ. ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟೆ. ಬೆನ್ನಿನ ಬಟ್ಟೆಯ ಮೇಲೆ ಕೈಯಾಡಿಸಿದರು, ಬಗ್ಗಿ ಗೋಂದಿನ ವಾಸನೆ ನೋಡಿದರು, ಹೊಲಿಗೆಯನ್ನು ಉಗುರಿನಿಂದ ಎಳೆದು ಪರೀಕ್ಷೆ ಮಾಡಿದರು. ಅವರಿದ್ದಿದ್ದರೆ ಇದನ್ನು ಬಿಚ್ಚಿಸಿ ಇನ್ನೊಮ್ಮೆ ಹೊಲಿಸುತ್ತಿದ್ದರು ಎಂದು ನನ್ನ ಕೆಲಸಕ್ಕೆ ಮಾರ್ಕ್ ಕೊಟ್ಟರು. ಅವರಿಲ್ಲವಲ್ಲ ಎಂಬುದು ಇಬ್ಬರಿಗೂ ಒಟ್ಟಿಗೆ ತಟ್ಟಿತು.

ಆಮೇಲೆ ನಾನು ಕೊನೆಯ ಪುಟ ತೆರೆದು ಓದಲು ಶುರು ಮಾಡಿದೆ. ಒಂದಕ್ಕೆ ಒಂದು ಗೋಲು, ಆಟ ಸಮ. ನಮ್ಮವ ಎಂಬತ್ತು ನಿಮಿಷ ಆಡಿ ಹೊರಗೆ ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಾಯಮ್ಮ ಮೂರನೆಯ ಸಾಲಿಗೆ ನನ್ನನ್ನು ಬಿಡಲಿಲ್ಲ. ಪೊರ್ಬುಗಳು ಕೇಳುತ್ತಿದ್ದ ಹಾಗೆಯೇ, ತಲೆ ಸ್ವಲ್ಪ ಓರೆ ಮಾಡಿ ಕೇಳಿದರು.

‘ಮೊಣಕಾಲು?’

‘ಸರಿ ಉಂಟು ಬಾಯಮ್ಮ’ ಎಂದೆ.